ಕಳಿಸದೆ ಬಿಟ್ಟ ಒಂಬತ್ತು ವರದಿ

ತಾಲ್ಲೂಕಿನ ಪಶು ಆಸ್ಪತ್ರೆಗೆ ದಾಕ್ಷಾಯಣಿ ಒಬ್ಬಳೇ ಗುಮಾಸ್ತೆ. ತಿಂಗಳಿಗೆ ಹದಿನಾಲ್ಕು ವರದಿ ಬರೆದು ಜಿಲ್ಲಾ ಕಚೇರಿಗೆ ಕಳಿಸಬೇಕು. ಕಿಟಕಿಯಲ್ಲಿ ಹಸುವಿನ ವಿಮೆಯ ಕಾಗದಕ್ಕೆ ಕಾಯುವವರ ಸಾಲು ಬೇರೆ. ಹೊಸದಾಗಿ ಬಂದ ಸಾಹೇಬರು ಇನ್ನೆರಡು ವರದಿ ಬರೆಯಲು ಹೇಳಿದರು.

"ಆಗಲ್ಲ ಸಾರ್. ಇರೋದರಲ್ಲೇ ಒಂಬತ್ತನ್ನ ಆರು ತಿಂಗಳಿಂದ ಬಿಟ್ಟಿದ್ದೀನಿ. ಜನರ ಕೆಲಸ ಮುಗೀಬೇಕಲ್ಲ."

ಸಾಹೇಬರು ಕೆಂಡವಾದರು. "ಸಸ್ಪೆಂಡ್ ಮಾಡಿಸ್ತೀನಿ!"

"ಮಾಡಿಸಿ ಸಾರ್. ಮೊದಲು ಜಿಲ್ಲಾ ಕಚೇರಿಗೆ ಫೋನ್ ಮಾಡಿ, ಯಾವುದು ಬಂದಿಲ್ಲ ಅಂತ ಕೇಳಿ."

ಸಾಹೇಬರು ಅಲ್ಲೇ ನಿಂತು ಫೋನ್ ಮಾಡಿದರು.

"ನಿಮ್ಮವೆಲ್ಲ ಬಂದಿವೆ ಸಾರ್. ಜಿಲ್ಲೆಗೇ ನಿಮ್ಮ ಆಸ್ಪತ್ರೆ ಮೊದಲು," ಎಂದರು ಆ ಕಡೆಯವರು.

ಸಾಹೇಬರು ಫೋನ್ ಇಟ್ಟರು. ಬಾಗಿಲು ಮುಚ್ಚಿ, ಕುರ್ಚಿ ಎಳೆದುಕೊಂಡು ಅವಳ ಮೇಜಿನೆದುರು ಕೂತರು.

"ಮೇಡಂ, ನನಗೆ ವಾರಕ್ಕೆ ನಾಲ್ಕು ಮೀಟಿಂಗು. ಯಾವ್ಯಾವುದು ಬಿಡಬಹುದು?"