ಮೀನಿನೊಳಗಿನ ಮದ್ದು

ಒಂದು ಕುರುಚಲು ಕಾಡಿನ ನಡುವೆ ಒಂದು ಕೊಳವಿತ್ತು. ಕೊಳದ ದಂಡೆಯಲ್ಲಿ ದೊಡ್ಡದೊಂದು ಹುಣಸೆ ಮರ. ಮರದ ಮೇಲೆ ಮಾದಕ್ಕ ಎಂಬ ಕಪ್ಪು ಮುಖದ ಕೋತಿ ಇದ್ದಳು. ಮರದ ಬುಡದ ಪೊಟರೆಯಲ್ಲಿ ಕೆಂಚ ಎಂಬ ಕಾಡುಬೆಕ್ಕು ಇದ್ದ.

ಆ ಕಾಡಿನಲ್ಲಿ ಕೈ ಇದ್ದದ್ದು ಮಾದಕ್ಕನೊಬ್ಬಳಿಗೇ. ಉಳಿದವರಿಗೆಲ್ಲ ಗೊರಸು, ಪಂಜ, ರೆಕ್ಕೆ. ಹಾಗಾಗಿ ಹಂದಿಯ ಕಾಲಿಗೆ ಮುಳ್ಳು ಚುಚ್ಚಿದರೂ ಮಾದಕ್ಕನೇ ಬರಬೇಕು, ಮೊಲದ ಕಿವಿಗೆ ಉಣ್ಣೆಹುಳ ಹತ್ತಿದರೂ ಮಾದಕ್ಕನೇ ಬರಬೇಕು. "ಕೈ ಇರೋಳು ನೀನೊಬ್ಬಳೇ ಅಲ್ವೇನಕ್ಕ" ಎನ್ನುತ್ತಿದ್ದರು ಎಲ್ಲರೂ. ಕೈ ಇದ್ದವಳಿಗೆ ದಣಿವೂ ಇರುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಕೆಂಚ ಪೊಟರೆ ಬಿಟ್ಟು ಹೊರಗೇ ಬರಲಿಲ್ಲ. ಮಾದಕ್ಕ ಇಳಿದು ಬಂದು ಇಣುಕಿದಳು. ಯಾವುದೋ ಬೆಕ್ಕಿನೊಡನೆ ಜಗಳವಾಡಿ ತೊಡೆ ಕಚ್ಚಿಸಿಕೊಂಡಿದ್ದ. ಗಾಯದಲ್ಲಿ ಕೀವು ತುಂಬಿತ್ತು. ಮೈ ಕೆಂಡದಂತೆ ಸುಡುತ್ತಿತ್ತು.

"ಏನಾಯ್ತೋ ಕೆಂಚ?"

"ಏನಿಲ್ಲ. ಸುಮ್ನೆ ಮಲಗಿದೀನಿ."

"ಕಾಲು ಊದಿದೆಯಲ್ಲೋ."

"ನನ್ನ ಕಾಲಿರೋದೇ ಹಾಗೆ."

ಬೆಕ್ಕಿನ ಜಾತಿಯೇ ಹಾಗೆ, ಮಕ್ಕಳೇ. ಪ್ರಾಣ ಹೋಗುತ್ತಿದ್ದರೂ ಸುಮ್ಮನೆ ಮಲಗಿದ್ದೇನೆ ಎನ್ನುತ್ತದೆ.

ಮಾದಕ್ಕನಿಗೆ ಹೆದರಿಕೆಯಾಯಿತು. ಅವಳ ಮರಿ ಚಿಕ್ಕದಿದ್ದಾಗ ಮರ ಹತ್ತುತ್ತಿದ್ದ ಹಾವನ್ನು ಓಡಿಸಿದವನು ಈ ಕೆಂಚನೇ. ಅವನನ್ನು ಸಾಯಲು ಬಿಡಲು ಅವಳಿಗೆ ಮನಸ್ಸಿಲ್ಲ. ಗಾಯ ತೊಳೆದಳು. ನೆಲಬೇವಿನ ಎಲೆ ತಂದು ಕಲ್ಲಿನ ಮೇಲೆ ಅರೆದು ಉಂಡೆ ಮಾಡಿದಳು. ಜ್ವರಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಅದಕ್ಕಿಂತ ಕಹಿಯಾದದ್ದೂ ಇಲ್ಲ.

ಉಂಡೆ ಬಾಯಿಗಿಟ್ಟಾಗ ಕೆಂಚ ಸಾಧುವಿನಂತೆ ಕಣ್ಣು ಮುಚ್ಚಿ ಕುಳಿತ. "ಜಾಣ, ನುಂಗಿಬಿಟ್ಟ" ಎಂದು ಮಾದಕ್ಕ ಮರ ಹತ್ತಿ ತಿರುಗಿ ನೋಡಿದರೆ, ಅವನು ಕಲ್ಲಿನ ಹಿಂದೆ ಅದನ್ನು ಉಗುಳುತ್ತಿದ್ದ.

ಮಾರನೆಯ ದಿನ ಅವಳು ಅವನನ್ನು ದೊಡ್ಡ ತೇಗದ ಎಲೆಗಳಲ್ಲಿ ಸುತ್ತಿ, ಬಳ್ಳಿಯಿಂದ ಕಟ್ಟಿ, ತಲೆ ಮಾತ್ರ ಹೊರಗೆ ಬಿಟ್ಟಳು. ನೋಡಲು ಎಲೆಕಡುಬಿನ ಹಾಗೇ ಇದ್ದ. ಆದರೆ ಕಡುಬು ಪರಚುವುದಿಲ್ಲವಲ್ಲ. ಒಂದು ಪಂಜ ಎಲೆ ಹರಿದುಕೊಂಡು ಹೊರಬಂತು. ಮದ್ದು ಮಾದಕ್ಕನ ಗಡ್ಡಕ್ಕೆ ಮೆತ್ತಿತು. ಮೊಣಕೈವರೆಗೆ ಗೀರುಗಳಾದವು.

ಅವಳು ಕೊಳಕ್ಕೆ ಹೋಗಿ ಉರಿಯುವ ಕೈಗಳನ್ನು ನೀರಿನಲ್ಲಿಟ್ಟು ಕುಳಿತಳು. ಅವಳಿಗೆ ಸಾಕುಸಾಕಾಗಿತ್ತು. ಅಲ್ಲೇ ಮೀನು ಹಿಡಿಯುತ್ತಿದ್ದ ಕೊಕ್ಕರೆ ಕೇಳಿತು:

"ಇಷ್ಟಕ್ಕೆಲ್ಲ ಯಾಕಕ್ಕ ಒದ್ದಾಡ್ತೀಯ? ತಗೋ ಈ ಮೀನು. ಹೊಟ್ಟೆಯೊಳಗೆ ಮದ್ದು ತುರುಕಿ ಕೊಡು. ಅವನಿಗೆ ಗೊತ್ತೇ ಆಗಲ್ಲ."

ಬೇಡ ಎನ್ನುವಷ್ಟೂ ಶಕ್ತಿ ಮಾದಕ್ಕನಲ್ಲಿ ಉಳಿದಿರಲಿಲ್ಲ. ಮೀನು ತಂದಳು.

"ಇದ್ರಲ್ಲಿ ಏನಾದ್ರೂ ಇದೆಯಾ?" ಎಂದು ಕೆಂಚ ಮೂಸಿದ.

"ಬರೀ ಮೀನು ಕಣೋ" ಎಂದಳು ಮಾದಕ್ಕ.

ಅವನು ನಂಬಿ ಬಾಯಿ ಹಾಕಿದ. ಎರಡನೆಯ ತುತ್ತಿಗೆ ಕಹಿ ಸಿಕ್ಕಿತು. ಮೀನು ಉಗುಳಿ ಅವಳನ್ನೊಮ್ಮೆ ನೋಡಿದ. ಬೈಯಲೂ ಇಲ್ಲ, ಪರಚಲೂ ಇಲ್ಲ. ಪೊಟರೆಯ ಒಳಬದಿಗೆ ತಿರುಗಿ ಮಲಗಿದ.

ಅಂದಿನಿಂದ ಅವನು ಏನನ್ನೂ ತಿನ್ನಲಿಲ್ಲ. ಮೊದಲು ಮದ್ದು ಮಾತ್ರ ಬೇಡವಾಗಿತ್ತು, ಈಗ ಊಟವೂ ಬೇಡವಾಯಿತು. ಕೊಕ್ಕರೆ ಆಗಷ್ಟೇ ಹಿಡಿದ ಮೀನು ತಂದಿಟ್ಟರೂ ಮುಖ ತಿರುಗಿಸಿದ. ಎಲೆಯ ದೊನ್ನೆಯಲ್ಲಿ ತಂದ ನೀರನ್ನೂ ಮೂಸಿ ಬಿಟ್ಟ. ಅವನ ಪಕ್ಕೆಲುಬುಗಳು ಎದ್ದು ಕಾಣತೊಡಗಿದವು.

ಮಾದಕ್ಕನಿಗೆ ದಿಕ್ಕೇ ತೋಚಲಿಲ್ಲ. ಜನ್ಮದಲ್ಲಿ ಸೊಪ್ಪು, ಕಾಯಿ ಬಿಟ್ಟು ಬೇರೇನೂ ತಿನ್ನದ ಅವಳು ಮೂಗು ಮುಚ್ಚಿಕೊಂಡು, ಅವನ ಎದುರಿಗೇ ಮೀನಿನ ಒಂದು ಚೂರು ಕಚ್ಚಿದಳು. ಕಷ್ಟಪಟ್ಟು ನುಂಗಿದಳು.

"ನೋಡೋ, ನಾನೇ ತಿಂದೆ. ನಿಜವಾಗ್ಲೂ ಬರೀ ಮೀನು."

"ಅವತ್ತೂ ಹೀಗೇ ಅಂದಿದ್ದೆ" ಎಂದ ಕೆಂಚ, ಕ್ಷೀಣವಾದ ದನಿಯಲ್ಲಿ.

ಆ ಮಾತು ಅವಳಿಗೆ ಚುಚ್ಚಿತು. ಅವನು ಸಾಯುವುದಾದರೆ ಜ್ವರದಿಂದಲ್ಲ, ತನ್ನ ಸುಳ್ಳಿನಿಂದ ಎಂದು ಅವಳಿಗೆ ಅರ್ಥವಾಯಿತು. ಅತ್ತುಬಿಡಬೇಕು ಅನ್ನಿಸಿತು. ಆದರೆ ಅಳುವುದಕ್ಕೂ ಸುಸ್ತು.

ಅವಳು ಎದ್ದುಹೋಗಿ ಎರಡು ಎಲೆ ತಂದು ಅವನ ಮುಂದೆ ಹಾಸಿದಳು. ಒಂದರ ಮೇಲೆ ಅರೆದ ಮದ್ದು, ಇನ್ನೊಂದರ ಮೇಲೆ ಮೀನು.

"ನೋಡಪ್ಪ, ಅವತ್ತು ನಾನು ಸುಳ್ಳು ಹೇಳಿದೆ. ತಪ್ಪಾಯ್ತು. ಇದು ಮದ್ದು, ಅದು ಮೀನು. ಮೀನಲ್ಲಿ ಮದ್ದಿಲ್ಲ. ಮದ್ದು ಬಹಳ ಕಹಿ."

ಹೀಗೆಂದು ಮದ್ದನ್ನು ಬೆರಳಲ್ಲಿ ತೆಗೆದು ತಾನೇ ನೆಕ್ಕಿದಳು. ಅವಳ ಮುಖ ಕಿವಿಚಿಕೊಂಡದ್ದನ್ನು ಕೆಂಚ ಕಣ್ಣರಳಿಸಿ ನೋಡಿದ. ಬಹಳ ದಿನದ ಮೇಲೆ ಈ ಅಕ್ಕ ಹೇಳಿದ್ದೂ ಅಲ್ಲಿ ಕಂಡದ್ದೂ ಒಂದೇ ಆಗಿತ್ತು.

"ನಿನ್ನ ಬಾಯಿ ನಾನು ಬಲವಂತವಾಗಿ ತೆಗೆಸಲ್ಲ" ಎಂದಳು ಮಾದಕ್ಕ. "ನಿನ್ನ ಮುಂಗಾಲಿಗೆ ಹಚ್ಚಿ ಹೋಗ್ತೀನಿ. ನೆಕ್ಕೋದು ಬಿಡೋದು ನಿನ್ನಿಷ್ಟ."

ಕೆಂಚ ಕಾಲು ಎಳೆದುಕೊಳ್ಳಲಿಲ್ಲ. ಅವಳು ಮದ್ದು ಹಚ್ಚಿ ಸ್ವಲ್ಪ ದೂರ ಹೋಗಿ, ಬೆನ್ನು ತಿರುಗಿಸಿ ಕುಳಿತಳು.

ಬೆಕ್ಕಿಗೆ ಕಾಲು ಕೊಳೆಯಾದರೆ ಸಹಿಸಲಾಗುವುದಿಲ್ಲ. ಕೆಂಚ ಮದ್ದನ್ನು ನೋಡಿದ. ಮಾದಕ್ಕನ ಗೀರುಬಿದ್ದ ಕೈಗಳನ್ನು ನೋಡಿದ. ಆಮೇಲೆ ಮುಖ ಸಿಂಡರಿಸಿಕೊಂಡು, ನಾಲಿಗೆ ಒದರಿಕೊಂಡು, ಪಾದವನ್ನೆಲ್ಲ ನೆಕ್ಕಿ ಚೊಕ್ಕಟ ಮಾಡಿದ.

"ಕಹಿ" ಎಂದ.

"ಹೂಂ" ಎಂದಳು ಅವಳು, ತಿರುಗದೆಯೇ.

"ಆ ಮೀನು?"

"ಬರೀ ಮೀನು."

ಕೆಂಚ ಅದನ್ನು ಮೂಸಲಿಲ್ಲ. ತಿಂದ.

ಅಲ್ಲಿಂದ ಕೆಂಚ ಬಲು ಸಾಧುವಾದ ಎಂದುಕೊಳ್ಳಬೇಡಿ. ಗಾಯ ತೊಳೆಯುವಾಗ ಮತ್ತೆ ಪರಚಿದ, ಬೈದ. ಆದರೆ ಜ್ವರ ಬಿಡುವವರೆಗೂ ದಿನಾ ಬೆಳಿಗ್ಗೆ ಪೊಟರೆಯ ಬಾಯಲ್ಲಿ ಕುಳಿತು, ಮುಖ ಅತ್ತ ತಿರುಗಿಸಿ, ಒಂದು ಮುಂಗಾಲನ್ನು ಮಾತ್ರ ಮಾದಕ್ಕನ ಕಡೆಗೆ ಚಾಚುತ್ತಿದ್ದ.

ನೀತಿ: ಒಳ್ಳೆಯದಕ್ಕೆಂದು ಹೇಳಿದರೂ ಸುಳ್ಳು ಸುಳ್ಳೇ, ಕಹಿಯನ್ನು ಕಹಿಯೆಂದೇ ಹೇಳಿ ಕೊಡುವ ಕೈಯನ್ನು ಮಾತ್ರ ರೋಗಿ ನಂಬುತ್ತಾನೆ.