ನಾಯಿ ಬಾಲದ ಕಡೆಯಿಂದಲೇ ಏಕೆ ಕ್ಷೇಮ ಕೇಳುತ್ತದೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟ ಹತ್ತಿದರೆ ಬೆಟ್ಟದ ಮೈಮೇಲೆ ಹೆಜ್ಜೆ ಮೂಡುತ್ತಿತ್ತು. ಎಲ್ಲಿ ಹರಿಯಬೇಕೆಂದು ಹೊಳೆ ಇನ್ನೂ ಯೋಚಿಸುತ್ತಿತ್ತು. ಆಗ ನಾಯಿಗಳಿಗೂ ಮಾತು ಬರುತ್ತಿತ್ತು.

ಮನುಷ್ಯರಿಗೂ ಬರುತ್ತಿತ್ತು. ಆದರೆ ಅವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ದಾರಿಯಲ್ಲಿ ಎದುರಾದಾಗ ಮೊದಲು ಮಾತಾಡಿದವರು ಚಿಕ್ಕವರು. ಚಿಕ್ಕವರಾಗಲು ಯಾರಿಗೆ ಇಷ್ಟ? ಹಾಗಾಗಿ ಯಾರೂ ಮಾತಾಡುತ್ತಿರಲಿಲ್ಲ. ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ತಮ್ಮ ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಹಾಗೇ ದಾಟಿ ಹೋಗುತ್ತಿದ್ದರು.

ಹೊಳೆದಂಡೆಯ ದಾರಿಯ ಕೆಳತುದಿಯಲ್ಲಿ ಸಣ್ಣೀರಿಯ ಗುಡಿಸಲು. ಅವಳ ನಾಯಿ ಚುಕ್ಕಿ. ದಾರಿಯ ಮೇಲ್ತುದಿಯಲ್ಲಿ ಬೋರಿಯ ಗುಡಿಸಲು. ಅವಳ ನಾಯಿ ಕೆಂಚ. ದಿನಾ ಬೆಳಿಗ್ಗೆ ಇಬ್ಬರೂ ನಾಯಿಗಳ ಕೊರಳಿಗೆ ನಾರಿನ ಹಗ್ಗ ಕಟ್ಟಿ ಸುತ್ತಾಡಿಸಲು ಹೊರಡುತ್ತಿದ್ದರು. ಹಗ್ಗ ಏಕೆ ಎಂದರೆ, ಬಿಟ್ಟರೆ ನಾಯಿಗಳು ಪರಿಚಯ ಮಾಡಿಕೊಂಡುಬಿಡುತ್ತಿದ್ದವು.

ಹಗ್ಗ ಸಾಲದೆಂದು, ಎಲ್ಲ ಮನೆಯವರ ಹಾಗೆ, ಆಣೆ ಬೇರೆ ಹಾಕಿಸಿದ್ದರು. "ಮನೇಲಿ ಏನಾದರೂ ಮಾತಾಡು. ದಾರೀಲಿ ಮಾತ್ರ ಬಾಯಿ ಬಿಡಕೂಡದು." ನಾಯಿ ಉಂಡ ಮನೆಗೆ ಎರಡು ಬಗೆಯುವುದಿಲ್ಲ. ಆಣೆ ಅಂದರೆ ಆಣೆ.

ಬೆಂಕಿ ಮಾಡುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಸಿಡಿಲು ಬಡಿದ ಮರದಿಂದ ಕೆಂಡ ತಂದು, ಒಲೆಯಲ್ಲಿ ಬೂದಿ ಮುಚ್ಚಿ, ಆರದಂತೆ ನೋಡಿಕೊಳ್ಳಬೇಕಿತ್ತು. ಆರಿದರೆ ಮುಂದಿನ ಸಿಡಿಲಿನವರೆಗೆ ನಡುಗಬೇಕು. ನಾಯಿಗಳು ಮುಖವನ್ನು ಬಾಗಿಲ ಕಡೆ ಇಟ್ಟು, ಬಾಲದ ಕಡೆಯನ್ನು ಒಲೆಯ ಬಿಸಿ ಬೂದಿಗೆ ಒತ್ತಿ ಮಲಗುತ್ತಿದ್ದವು. ಮನೆಯೂ ಭದ್ರ, ಮೈಯೂ ಬೆಚ್ಚಗೆ.

ಒಂದು ಮಾಗಿಯಲ್ಲಿ ಸಣ್ಣೀರಿಯ ಒಲೆ ಆರಿಹೋಯಿತು.

ಅವಳಿಗೆ ಒಂದೂವರೆ ತಿಂಗಳ ಮಗು. ಗಂಡ ಜೇನು ತರುತ್ತೇನೆಂದು ಹೋಗಿ ಐದು ದಿನವಾಗಿತ್ತು. ಜೇನು ಕೊಡಿ ಎಂದು ಹುಳಗಳನ್ನು ಕೇಳಿಕೊಂಡು ನಿಂತಿದ್ದನೋ ಏನೋ. ಮಗು ತೂಗುವವಳೂ ಅವಳೇ, ಒಲೆ ನೋಡುವವಳೂ ಅವಳೇ. ಒಂದು ಸಲ ರೆಪ್ಪೆ ಅಂಟಿತು. ಕಣ್ಣು ಬಿಟ್ಟಾಗ ಬೂದಿ ತಣ್ಣಗಿತ್ತು.

ಒಂದು ದಿನ ಕಳೆಯಿತು. ಎರಡು ದಿನ ಕಳೆಯಿತು. ಮೂರನೆಯ ಬೆಳಿಗ್ಗೆ ಮಗುವಿನ ಪಾದ ನೀಲಿಯಾಗಿತ್ತು. ಅದು ಅಳುವುದನ್ನೂ ನಿಲ್ಲಿಸಿತ್ತು. ಅಳುವ ಮಗುವಿಗೆ ಹೆದರಬೇಕಿಲ್ಲ, ಅಳದ ಮಗುವಿಗೆ ಹೆದರಬೇಕು.

ಸಣ್ಣೀರಿ ಮಗುವನ್ನು ಎದೆಗೆ ಕಟ್ಟಿಕೊಂಡು, ಚುಕ್ಕಿಯ ಹಗ್ಗ ಹಿಡಿದು ಹೊರಟಳು. ದೂರದಲ್ಲಿ ಬೋರಿಯ ಗುಡಿಸಲಿನಿಂದ ಹೊಗೆ ಏಳುತ್ತಿತ್ತು.

"ಒಂದು ಕೆಂಡ ಕೇಳೇ" ಎಂದಿತು ಗಾಳಿ.

"ಮೊದಲು ನಾನು ಬಾಯಿ ಬಿಡಬೇಕಾ? ಅವಳ ಮುಂದೆ?"

"ಮಗು ತಣ್ಣಗಾಗ್ತಿದೆ."

"ತಣ್ಣಗೆ ಮಾಡ್ತಿರೋದೇ ನೀನು. ಸುಮ್ನಿರು."

"ನಾನು ಬಗ್ಗಿ ಬಗ್ಗಿಯೇ ಇಷ್ಟು ದೂರ ಬಂದೆ" ಎಂದಿತು ಹೊಳೆ.

"ನಿನಗೇನು, ಅಕ್ಕಪಕ್ಕದ ಮನೆಯವರಿಲ್ಲ" ಎಂದಳು ಸಣ್ಣೀರಿ.

ಅಷ್ಟರಲ್ಲಿ ಬೋರಿ ಕೆಂಚನನ್ನು ಹಿಡಿದುಕೊಂಡು ಎದುರು ಬಂದಳು. ಬೋರಿ ಆಕಾಶ ನೋಡಿದಳು. ಸಣ್ಣೀರಿ ಬಾಯಿ ತೆರೆದಳು, ಮುಚ್ಚಿದಳು, ಹೆಬ್ಬೆರಳು ನೋಡಿದಳು.

ಚುಕ್ಕಿಗೆ ಗಂಟಲಿನವರೆಗೆ ಮಾತು ಬಂದಿತ್ತು. ಆದರೆ ಆಣೆ.

"ಬಾಯಿಗೆ ತಾನೇ ಆಣೆ? ಮೂಗಿಗೆ ಇಲ್ಲವಲ್ಲ" ಎಂದು ಗಾಳಿ ನಾಯಿಗಳ ಕಿವಿಯಲ್ಲಿ ಹೇಳಿತು.

ಚುಕ್ಕಿ ತಟ್ಟನೆ ತಿರುಗಿ, ಬಾಲ ಎತ್ತಿ ನಿಂತಳು. ಕೆಂಚ ಮೂಸಿದ. ಬಿಸಿ ಬೂದಿಯ ವಾಸನೆ ಇಲ್ಲ. ಮತ್ತೆ ಮೂಸಿದ. ಹೊಗೆಯ ವಾಸನೆ ಇಲ್ಲ. ಇನ್ನೊಮ್ಮೆ ಮೂಸಿದ. ಮೂರು ದಿನದ ಹಳೇ ಬೂದಿ, ತಣ್ಣನೆಯ ಬೂದಿ.

ಕೆಂಚನಿಗೆ ಎಲ್ಲ ತಿಳಿಯಿತು. ಅವನು ಇಬ್ಬರು ಹೆಂಗಸರ ಸುತ್ತ ಒಂದು ಸುತ್ತು ಬಂದ. ಚುಕ್ಕಿ ಆ ಕಡೆಯಿಂದ ಒಂದು ಸುತ್ತು ಬಂದಳು. ಎರಡು ಹಗ್ಗ, ನಾಲ್ಕು ಕಾಲು, ಒಂದೇ ಗಂಟು. ಆಮೇಲೆ ಎರಡೂ ನಾಯಿಗಳು ಅಲ್ಲೇ ಕುಳಿತುಬಿಟ್ಟವು.

ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಆಕಾಶ ನೋಡುವುದು ಕಷ್ಟ. ಆದರೂ ಇಬ್ಬರೂ ಸ್ವಲ್ಪ ಹೊತ್ತು ನೋಡಿದರು.

ಎದೆಯ ಮೇಲೆ ಮಗು ಮಿಸುಕಲಿಲ್ಲ. ಸಣ್ಣೀರಿ ಕೆಂಚನ ಕಡೆ ಬಗ್ಗಿದಳು. "ಏನಪ್ಪಾ, ನಿನ್ನ ಹೆಸರೇನು?"

ಬೋರಿ ಚುಕ್ಕಿಯ ಕಡೆ ಬಗ್ಗಿದಳು. "ಅವನು ಕೆಂಚ ಅಂತ ಹೇಳೇ ನಿಮ್ಮಮ್ಮನಿಗೆ. ನಾನೇನೂ ಅವಳ ಹತ್ರ ಮಾತಾಡ್ತಿಲ್ಲ, ನಿನಗೆ ಹೇಳ್ತಿದ್ದೀನಿ."

"ಕೆಂಚಾ, ನಿಮ್ಮ ಒಲೇಲಿ ಒಂದು ಕೆಂಡ ಇದೆಯೇನೋ? ನಮ್ಮ ಚುಕ್ಕಿಗೆ ಚಳಿ."

"ಚುಕ್ಕಿಗಾ?" ಬೋರಿಯ ಕಣ್ಣು ಬಟ್ಟೆಯ ಸಂದಿಯಿಂದ ಇಣುಕುತ್ತಿದ್ದ ನೀಲಿ ಪಾದದ ಮೇಲೆ ಬಿತ್ತು. "ಚುಕ್ಕೀ, ನಿಮ್ಮಮ್ಮನಿಗೆ ತಲೆ ನೆಟ್ಟಗಿದೆಯೇನೇ? ಮೂರು ದಿನದಿಂದ ನಿಮ್ಮ ಮನೇಲಿ ಹೊಗೆ ಇಲ್ಲ."

"ಕೆಂಚಾ, ಹೊಗೆ ನೋಡ್ತಾ ಕೂತವರು ಬಂದು ವಿಚಾರಿಸಬಹುದಿತ್ತು ಅಂತ ಹೇಳು."

"ಚುಕ್ಕೀ, ಜಗಳ ಆಮೇಲೆ ಆಡೋಣ, ಮೊದಲು ಮಗು ಕೊಡು ಅಂತ ಹೇಳು!"

ಬೋರಿ ಮಗುವನ್ನು ಕಿತ್ತುಕೊಂಡೇಬಿಟ್ಟಳು. ಸಣ್ಣೀರಿ ಹಗ್ಗದ ಗಂಟು ಬಿಡಿಸಿದಳು. ಇಬ್ಬರೂ ಓಡಿದರು, ನಾಯಿಗಳು ಅವರಿಗಿಂತ ಮುಂದೆ ಓಡಿದವು.

ಒಲೆಯ ಮುಂದೆ ಕುಳಿತು ಬೋರಿ ಅಂಗೈ ಕಾಯಿಸಿ ಪಾದಕ್ಕೆ ಇಟ್ಟಳು. ಮತ್ತೆ ಕಾಯಿಸಿದಳು, ಮತ್ತೆ ಇಟ್ಟಳು. ಸಣ್ಣೀರಿ ಒಲೆ ಊದುತ್ತಿದ್ದಳು. ನೀಲಿ ಕರಗಿತು. ಕೆಂಪು ಮೂಡಿತು. ಮಗು ಮುಖ ಕಿವುಚಿ, ಬಾಯಿ ಅಗಲಿಸಿ, ಮಾಡಿನ ಮೇಲಿನ ಹಕ್ಕಿಗಳೆಲ್ಲ ಹಾರಿಹೋಗುವಂತೆ ಅತ್ತಿತು.

"ಗಂಟಲು ನಿಮ್ಮಮ್ಮಂದೇ" ಎಂದಳು ಬೋರಿ, ಮಗುವಿಗೆ.

ಹೊರಡುವಾಗ ಅವಳು ಒಡೆದ ಮಡಕೆಯ ಚೂರಿನಲ್ಲಿ ಬೂದಿ ಹರಡಿ, ಅದರ ಮೇಲೆ ಎರಡು ಕೆಂಡ ಇಟ್ಟು ಕೊಟ್ಟಳು.

"ಅಕ್ಕಾ" ಎಂದಳು ಸಣ್ಣೀರಿ.

"ನಾಯಿಗೆ ಹೇಳಿದೆಯೋ, ನನಗೋ?"

"ನಿನಗೇ."

"ಹಾಗಾದರೆ ನೀನು ಚಿಕ್ಕವಳಾದೆ."

"ಆಗಲಿ ಬಿಡು. ಚಿಕ್ಕವಳಿಗೆ ಇನ್ನೆರಡು ಕೆಂಡ ಹಾಕು."

ಆಮೇಲೆ ಕಟ್ಟಳೆ ಸಡಿಲವಾಯಿತು. ಆದರೆ ಆಣೆ ವಾಪಸು ಪಡೆಯುವುದನ್ನು ಎಲ್ಲರೂ ಮರೆತರು. ನಾಯಿಗಳು ದಾರಿಯಲ್ಲಿ ಬಾಯಿ ಬಿಡದೆ ಬಿಡದೆ, ಕೊನೆಗೆ ಮನೆಯಲ್ಲೂ ಮಾತು ಕಳೆದುಕೊಂಡವು. ಅದಕ್ಕೆ ಅವು ಹೆಚ್ಚು ಬೇಸರ ಮಾಡಿಕೊಳ್ಳಲಿಲ್ಲ. ಬಾಯಿ ಸುಳ್ಳು ಹೇಳುತ್ತದೆ, ಬೂದಿಯ ವಾಸನೆ ಹೇಳುವುದಿಲ್ಲ.

ಅದಕ್ಕೇ ಇಂದಿಗೂ ನಮ್ಮ ಬೀದಿಯಲ್ಲಿ ಎರಡು ನಾಯಿಗಳು ಎದುರಾದರೆ, ಮುಖ ಬಿಟ್ಟು ಬಾಲದ ಕಡೆಗೇ ಹೋಗಿ, ನಿಮ್ಮ ಮನೆಯ ಒಲೆ ಉರಿಯುತ್ತಿದೆಯಾ ಎಂದು ಮೂಸಿ ನೋಡುತ್ತವೆ. ಅವುಗಳ ಹಗ್ಗ ಕಾಲಿಗೆ ಸುತ್ತಿಕೊಂಡು ನಿಂತ ಯಜಮಾನರು, ಒಬ್ಬರ ಮುಖ ಒಬ್ಬರು ನೋಡದೆ, "ಏನು ಪುಟ್ಟಾ, ನಿನ್ನ ಹೆಸರೇನು?" ಎಂದು ಮೊದಲು ನಾಯಿಯನ್ನೇ ಕೇಳುತ್ತಾರೆ.