ಎರಡು ದಿನ ತಡವಾದ ಬೋರ್ಡು

ಗದಗಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಶೇಖಪ್ಪ ಅರವತ್ತು ದಾಟಿದ ಮೇಲೆ ಒಂದು ಯಂತ್ರ ಕಟ್ಟಲು ಕೂತ. ಕಂಪ್ಯೂಟರ್ ಹೇಳಿದಂತೆ ಮರದ ಮೇಲೆ ಅಕ್ಷರ ಕೆತ್ತುವ ಯಂತ್ರ, ಸಿಎನ್‌ಸಿ ಎನ್ನುತ್ತಾರೆ. ಹೊಲಿಗೆ ಯಂತ್ರದ ಹಳೇ ಮೇಜು, ಗುಜರಿಯಿಂದ ತಂದ ಪ್ರಿಂಟರುಗಳ ಮೋಟಾರು, ಇಷ್ಟೇ ಅವನ ಬಂಡವಾಳ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳಿದವರಿಗೆ ನಕ್ಕುಬಿಡುತ್ತಿದ್ದ. ಕಟ್ಟುತ್ತಿದ್ದುದು ಗೆಳೆಯನಿಗಾಗಿ.

ಗೆಳೆಯ ಪೇಂಟರ್ ಮಕ್ತುಮಸಾಬ. ಒಂದು ಕಾಲಕ್ಕೆ ಊರಿನ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯವು. ಅವನು ಏಣಿ ಹತ್ತಿ ಬರೆಯುತ್ತಿದ್ದರೆ ಸಂತೆಗೆ ಹೊರಟವರೂ ಚೀಲ ಕೆಳಗಿಟ್ಟು ನೋಡುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು, ಕೇಳುವವರಿಲ್ಲವಾದರು. ಅದರ ಹಿಂದೆಯೇ ಕೈ ನಡುಗತೊಡಗಿತು. ಕುಂಚದ ಮಾತಿರಲಿ, ಚಹಾದ ಕಪ್ಪೂ ನೆಟ್ಟಗೆ ನಿಲ್ಲದು. ಶೇಖಪ್ಪ ಅಳಿದುಳಿದ ಬೋರ್ಡುಗಳ ಫೋಟೋ ತೆಗೆದು ಆ ಅಕ್ಷರಗಳನ್ನು ಕಂಪ್ಯೂಟರಿಗೆ ಇಳಿಸಿದ್ದ. ಆ ಕಂಪ್ಯೂಟರೂ ಮುದುಕನೇ. ಅದರ ಬೆನ್ನಿಗಿದ್ದ, ಪ್ರಿಂಟರಿನ ತಂತಿ ಸಿಕ್ಕಿಸುವ ಹಳೇ ಪೋರ್ಟಿನಿಂದಲೇ ಯಂತ್ರ ನಡೆಯಬೇಕು, ಅಂಥದು ಇನ್ನೊಂದು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ.

ಮಕ್ತುಮಸಾಬನ ಮೊಮ್ಮಗಳು ಶಬೀನಾ ಶುಕ್ರವಾರ ಹೊಲಿಗೆ ಅಂಗಡಿ ತೆರೆಯುವವಳಿದ್ದಳು. ಬಾಗಿಲ ಮೇಲೆ ತನ್ನ ಅಕ್ಷರವೇ ಇರಬೇಕೆಂದು ಅಜ್ಜನ ಆಸೆ. ಬುಧವಾರ ಎಲ್ಲ ಸಿದ್ಧವಾಗಿತ್ತು, ಆಪ್ಟೋ ಎಂಬ ಒಂದು ಸಣ್ಣ ಬಿಡಿಭಾಗ ಬಿಟ್ಟು. ಕಂಪ್ಯೂಟರಿಗೂ ಮೋಟಾರಿಗೂ ನಡುವೆ ಕೂರಿಸುವ ತಡೆ ಅದು. ಅದರೊಳಗೆ ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಆ ಬೆಳಕನ್ನು ಕಾಣುವ ಕಣ್ಣು, ನಡುವೆ ತಂತಿಯೇ ಇಲ್ಲ. ಸುದ್ದಿ ದಾಟುತ್ತದೆ, ಕರೆಂಟು ದಾಟುವುದಿಲ್ಲ. ಹುಬ್ಬಳ್ಳಿಯ ಅಂಗಡಿಯವನು ಶನಿವಾರ ತರಿಸಿಕೊಡುತ್ತೇನೆ ಎಂದಿದ್ದ.

"ನೇರ ಜೋಡಿಸಿಬಿಡೋ ಶೇಖಪ್ಪಾ," ಎಂದ ಮಕ್ತುಮಸಾಬ. "ಹಂಗೂ ನಡೀತದಂತ ನೀನ ಹೇಳಿದ್ದಿ. ಒಂದ ಬೋರ್ಡ್ ಕೆತ್ತೂದ್ರಾಗ ಏನ್ ಆಗ್ತದ?"

ಶೇಖಪ್ಪನಿಗೂ ಮನಸ್ಸಿತ್ತು. ತಂತಿಯನ್ನು ಕೈಗೂ ಎತ್ತಿಕೊಂಡ. ಆಗ ನೆನಪಾದವರು ಗುರು ವಾಮನರಾಯರು.

ರಾಯರ ಅಂಗಡಿಯೆಂದರೆ ಗೋಡೆ ತುಂಬ ರೇಡಿಯೋ, ಸದಾ ಸೋಲ್ಡರಿನ ವಾಸನೆ, ಸಂಜೆ ವಾರ್ತೆಯ ಹೊತ್ತಿಗೆ ಬಾಗಿಲ ತುಂಬ ಜನ. ರಾಯರು ಯಾವ ರೇಡಿಯೋವನ್ನೂ ಮೊದಲ ಸಲ ನೇರ ಕರೆಂಟಿಗೆ ಹಾಕುತ್ತಿರಲಿಲ್ಲ. ನಡುವೆ ಒಂದು ಸೀರೀಸ್ ಬಲ್ಬು ಇರಲೇಬೇಕು. ಒಳಗೆಲ್ಲೋ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತಿತ್ತು, ರೇಡಿಯೋ ಉಳಿಯುತ್ತಿತ್ತು. ಮೀಸೆ ಚಿಗುರಿದ ಹುರುಪಿನಲ್ಲಿ ಶೇಖಪ್ಪ ಒಂದು ದಿನ ದವಾಖಾನೆಯ ಆಯಾ ಒಬ್ಬಳ ರೇಡಿಯೋವನ್ನು ನೇರವಾಗಿ ಹಾಕಿದ. ಹೊಗೆ ಎದ್ದಿತು. ರಾಯರು ಬೈಯಲಿಲ್ಲ. ಮನೆಗೆ ಹೋಗಿ ತಮ್ಮ ಸ್ವಂತ ರೇಡಿಯೋ ತಂದು ಆಕೆಯ ಕೈಗಿಟ್ಟರು.

"ಆಕಿ ನಾಳೆ ಬರ್ತೀನಂತ ಅಂದಿದ್ಲು," ಎಂದರು ಆಮೇಲೆ. "ಅವಸರ ಇದ್ದದ್ದು ನಿನಗ."

ಆ ವರ್ಷವೆಲ್ಲ ರಾಯರು ರಾತ್ರಿಯ ಹಾಡು ಕೇಳಲು ಪಕ್ಕದ ಮನೆಯ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಗಿರಾಕಿಗಳ ರೇಡಿಯೋ ಒಂದನ್ನೂ ಮನೆಗೆ ಒಯ್ಯಲಿಲ್ಲ.

ಶೇಖಪ್ಪ ತಂತಿ ಕೆಳಗಿಟ್ಟ. "ಶನಿವಾರತನಕ ತಡಿ, ಮಕ್ತುಮಣ್ಣ. ಈ ಪೋರ್ಟ್ ಸುಟ್ಟರ ನಿನ್ನ ಅಕ್ಷರ ಮತ್ತ ಬರೂದಿಲ್ಲ."

ಮಕ್ತುಮಸಾಬ ಮುಖ ಊದಿಸಿಕೊಂಡು ಎದ್ದು ಹೋದ. ಶುಕ್ರವಾರ ಅಂಗಡಿ ತೆರೆಯಿತು, ಬಾಗಿಲ ಮೇಲೆ ಬರೀ ಗೋಡೆ. ಶೇಖಪ್ಪ ಹೋಗಿ ಪೇಢೆ ತಿಂದು ಬಂದ. ಗೆಳೆಯ ಮಾತಾಡಿಸಲಿಲ್ಲ, ಅದರಿಂದ ಅವನಿಗೆ ತುಂಬ ನೋವಾಯಿತು.

ಭಾನುವಾರ ಶೇಖಪ್ಪ ಆಪ್ಟೋ ಕೂರಿಸಿ ಹೇಳಿಕಳಿಸಿದ. ಮಕ್ತುಮಸಾಬ ಬಂದನೇನೋ ಸರಿ, ಹೊಸ್ತಿಲಲ್ಲೇ ನಿಂತ. ಸ್ವಿಚ್ ಹಾಕಿದ್ದೇ ತಡ, ಚಿಟ್ಟೆಂದು ಸದ್ದಾಗಿ ಸುಟ್ಟ ವಾಸನೆ ಬಂತು. ನಲವತ್ತು ವರ್ಷ ಪಳಗಿದ ಶೇಖಪ್ಪನ ಕೈ ಮೋಟಾರಿನ ಕರೆಂಟಿನ ತಂತಿಯನ್ನು ಒಂದು ತೂತು ಆಚೆ ಸಿಕ್ಕಿಸಿತ್ತು. ಮಕ್ತುಮಸಾಬ ಗಾಬರಿಯಿಂದ ಒಳಗೆ ಬಂದು ಕಂಪ್ಯೂಟರಿನ ಕಡೆ ನೋಡಿದ. ಪರದೆಯ ಮೇಲೆ ಶಬೀನಾಳ ಹೆಸರು ಹಾಗೇ ಇತ್ತು. ಸುಟ್ಟದ್ದು ಕಡಲೆಕಾಳಿನಷ್ಟಿದ್ದ ಆ ಆಪ್ಟೋ ಒಂದೇ.

"ತಪ್ಪು ನಂದ," ಎಂದ ಶೇಖಪ್ಪ.

"ಬುಧವಾರ ನೇರ ಜೋಡಿಸಿದ್ರ ಏನ್ ಆಗ್ತಿತ್ತು?"

"ಬುಧವಾರನೂ ಇದ ಕೈ ಇತ್ತಲ್ಲ."

ಜೊತೆಗೇ ತರಿಸಿದ್ದ ಇನ್ನೊಂದು ಆಪ್ಟೋ ಹಾಕಿ, ತಂತಿ ಸರಿಮಾಡಿದ ಮೇಲೆ ಯಂತ್ರ ಗುಂಯ್ ಎನ್ನುತ್ತ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಹಲಗೆ ಸಿದ್ಧವಾಯಿತು. ಮಕ್ತುಮಸಾಬ ಮರದ ಪುಡಿ ಊದಿ, ಮೊದಲ ಅಕ್ಷರದ ಹಳ್ಳದೊಳಗೆ ಬೆರಳಿಟ್ಟ. ಬೆರಳು ಅತ್ತಿತ್ತ ಸರಿಯದೆ, ನಡುಗದೆ, ಬಳುಕಿನ ಗುಂಟ ಕೊನೆಯವರೆಗೂ ಹೋಯಿತು. ಅವನು ಕಣ್ಣು ತುಂಬಿಕೊಂಡು, ಆ ಹಳ್ಳಗಳಲ್ಲೇ ಬೆರಳಾಡಿಸಿ ಮೊಮ್ಮಗಳ ಹೆಸರನ್ನು ಮೊದಲಿನಿಂದ ಬರೆದ.

ನೀತಿ: ಎಷ್ಟೇ ನುರಿತ ಕೈಯಾದರೂ ಒಂದಲ್ಲ ಒಂದು ದಿನ ತಪ್ಪುತ್ತದೆ. ಆ ತಪ್ಪು, ಮತ್ತೆ ಸಿಗದ ವಸ್ತುವನ್ನು ಮುಟ್ಟದಂತೆ ಮೊದಲೇ ನಡುವೆ ಒಂದು ತಡೆ ಇಡಬೇಕು. ಅದಕ್ಕಾಗಿ ಎರಡು ದಿನ ತಡವಾದರೂ, ಗೆಳೆಯ ಮುನಿದರೂ ಪರವಾಗಿಲ್ಲ.